ಸಾಂಕ್ರಾಮಿಕದ ಅವಧಿಯಲ್ಲಿ ಕಿವುಡು ಮಕ್ಕಳ ಮನೆಕಲಿಕೆ: ಕನ್ನಡದ ರಚನೆಯ ನೆಲೆಯಿಂದ ಒಂದು ವಿವೇಚನೆ

ಸಾರಾಂಶ

ಕೋವಿಡ್ ಸಾಂಕ್ರಾಮಿಕದ ಕಾಲದಲ್ಲಿ ಶಾಲೆಗಳು ಮುಚ್ಚಿದಾಗ ಕಿವುಡು ಮತ್ತು ಮಂದಶ್ರವಣದ ಮಕ್ಕಳ ಕಲಿಕೆಯ ಹೊಣೆ ಮನೆಯ ಮೇಲೆ ಬಿದ್ದಿತು. ಈ ಸಮಸ್ಯೆಯನ್ನು ಸಾಮಾನ್ಯವಾಗಿ ಸಾಧನಗಳ ಕೊರತೆಯೆಂದು ವಿವರಿಸಲಾಗುತ್ತದೆ. ಇದು ಮೂಲತಃ ಭಾಷಿಕ ಸಮಸ್ಯೆಯೆಂಬುದು ಪ್ರಸ್ತುತ ಲೇಖನದ ವಾದ. ಕನ್ನಡದ ಯಾವ ಧ್ವನಿಭೇದಗಳು ತುಟಿಯ ಮೇಲೆ ಕಾಣುವುದಿಲ್ಲ, ಯಾವ ವ್ಯಾಕರಣಾಂಶಗಳು ಕಿವಿಗೆ ತಲುಪುವುದಿಲ್ಲ, ಮನೆಮಾತು ಮತ್ತು ಪಠ್ಯಪುಸ್ತಕದ ಕನ್ನಡಗಳ ನಡುವಿನ ಅಂತರ ಇಂಥ ಮಗುವಿಗೆ ಏಕೆ ಹೆಚ್ಚು ದೊಡ್ಡದಾಗುತ್ತದೆ ಎಂಬುದನ್ನು ಮಂಡ್ಯ ಜಿಲ್ಲೆಯ ಮಳವಳ್ಳಿ ತಾಲ್ಲೂಕಿನ ಕಿರುಗಾವಲಿನ ಭಾಷಿಕ ಪರಿಸರವನ್ನು ನಿದರ್ಶನವಾಗಿಟ್ಟುಕೊಂಡು ಇಲ್ಲಿ ವಿವರಿಸಿದ್ದೇವೆ. ಅದರಿಂದ ಹೊರಡುವ ಮನೆಬಳಕೆಯ ಕ್ರಮಗಳನ್ನೂ ಭಾಷಾವಿಜ್ಞಾನಿಗಳ ಹೊಣೆಯನ್ನೂ ಕೊನೆಯಲ್ಲಿ ಸೂಚಿಸಿದ್ದೇವೆ.

ಪ್ರಮುಖ ಪದಗಳು: ಮಂದಶ್ರವಣ, ತುಟಿಯೋದು, ಮಂಡ್ಯ ಕನ್ನಡ, ವಿಭಕ್ತಿ ಪ್ರತ್ಯಯ, ಸಂಜ್ಞಾಭಾಷೆ, ಮನೆಸನ್ನೆ

1. ಪ್ರವೇಶ

2020ರ ಮಾರ್ಚ್ 25ರಂದು ದೇಶವ್ಯಾಪಿ ಲಾಕ್‌ಡೌನ್ ಜಾರಿಗೆ ಬಂದಿತು. ಕರ್ನಾಟಕದಲ್ಲಿ 1ರಿಂದ 5ನೆಯ ತರಗತಿಯವರೆಗಿನ ಮಕ್ಕಳಿಗೆ ಶಾಲೆಯ ಬಾಗಿಲು ಮತ್ತೆ ತೆರೆದದ್ದು 2021ರ ಅಕ್ಟೋಬರ್ 25ರಂದು. ಸುಮಾರು ಹತ್ತೊಂಬತ್ತು ತಿಂಗಳ ಈ ಅವಧಿ ಎಲ್ಲ ಮಕ್ಕಳಿಗೂ ನಷ್ಟದ ಕಾಲವೇ. ಆದರೆ ಕೇಳುವ ಮಗು ಕಳೆದುಕೊಂಡದ್ದು ಮುಖ್ಯವಾಗಿ ಪಾಠಗಳನ್ನು. ಭಾಷೆ ಅದಕ್ಕೆ ಮನೆಯಲ್ಲಿ, ಬೀದಿಯಲ್ಲಿ, ಹೊಲದ ಬದುವಿನಲ್ಲಿ ದೊರೆಯುತ್ತಲೇ ಇತ್ತು. ಕಿವುಡು ಮಗುವಿನ ಸ್ಥಿತಿ ಬೇರೆ. ವಿಶೇಷ ಶಾಲೆಯ ವಸತಿನಿಲಯದಿಂದ ಊರಿಗೆ ಮರಳಿದ ಮಗು ತನ್ನೊಡನೆ ಸಂಜ್ಞೆಯಲ್ಲಿ ಮಾತನಾಡುತ್ತಿದ್ದ ಗೆಳೆಯರನ್ನೇ ಕಳೆದುಕೊಂಡಿತು. ಅದರ ಪಾಲಿಗೆ ಮುಚ್ಚಿದ್ದು ಶಾಲೆ ಮಾತ್ರವಲ್ಲ, ಭಾಷಾಸಮುದಾಯವೂ ಹೌದು.

ಪದಗಳ ಬಗ್ಗೆ ಒಂದು ಸ್ಪಷ್ಟನೆ ಅಗತ್ಯ. 2016ರ ವಿಕಲಚೇತನರ ಹಕ್ಕುಗಳ ಅಧಿನಿಯಮವು ಮಾತಿನ ಆವರ್ತನಗಳಲ್ಲಿ ಎರಡೂ ಕಿವಿಗಳಿಗೆ 70 ಡೆಸಿಬೆಲ್ ಶ್ರವಣನಷ್ಟವಿರುವವರನ್ನು ಕಿವುಡರೆಂದೂ, 60ರಿಂದ 70 ಡೆಸಿಬೆಲ್ ನಷ್ಟವಿರುವವರನ್ನು ಮಂದಶ್ರವಣದವರೆಂದೂ ಗುರುತಿಸುತ್ತದೆ. ಈ ವಿಭಜನೆ ಪ್ರಮಾಣಪತ್ರಕ್ಕೆ ಬೇಕಾದದ್ದು. ಭಾಷಾಕಲಿಕೆಯ ದೃಷ್ಟಿಯಿಂದ ಕೇಳಬೇಕಾದ ಪ್ರಶ್ನೆ ಇನ್ನೊಂದು: ಈ ಮಗುವಿಗೆ ಯಾವ ಭಾಷೆ, ಯಾವ ದಾರಿಯಿಂದ, ಎಷ್ಟು ಪೂರ್ಣವಾಗಿ ತಲುಪುತ್ತಿದೆ?

2. ಕಿರುಗಾವಲು: ಪರಿಸರ ಮತ್ತು ಲಭ್ಯ ವ್ಯವಸ್ಥೆ

ಕಿರುಗಾವಲು ಮಳವಳ್ಳಿ ತಾಲ್ಲೂಕಿನ ಹೋಬಳಿ ಕೇಂದ್ರ. ಭತ್ತದ ಬೇಸಾಯಕ್ಕೆ ಹೆಸರಾದ ಈ ಊರಿನಲ್ಲಿ ಮಂಡ್ಯ ಸೀಮೆಯ ಕನ್ನಡವೂ ದಖ್ಖನಿ ಉರ್ದುವೂ ಅಕ್ಕಪಕ್ಕದ ಮನೆಗಳಲ್ಲಿ ಕೇಳಿಬರುತ್ತವೆ. ಮೈಸೂರು ದೂರವಲ್ಲ. ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಅಲ್ಲಿನ ಮಾನಸಗಂಗೋತ್ರಿಯಲ್ಲಿದೆ. ಕಿವುಡು ಮಕ್ಕಳ ತಂದೆತಾಯಿಗಳ ಸಂಘವೊಂದು ನಡೆಸುವ, ತಾಯಂದಿರು ಮಕ್ಕಳೊಡನೆ ತರಗತಿಯಲ್ಲೇ ಕುಳಿತು ಕಲಿಸುವ ವಿಧಾನವನ್ನು ಕಲಿಯುವ ಶಾಲೆಯೂ ಮೈಸೂರಿನಲ್ಲಿದೆ. ಸಾಮಾನ್ಯ ದಿನಗಳಲ್ಲಿ ಒಂದು ಬಸ್ಸಿನ ಪ್ರಯಾಣದಷ್ಟು ದೂರದಲ್ಲಿದ್ದ ಇವೆಲ್ಲ ಸಂಚಾರ ನಿಂತಾಗ ಕೈಗೆ ಎಟುಕದಂತಾದವು. ಉಳಿದದ್ದು ದೂರವಾಣಿ ಮಾತ್ರ.

ಇಲ್ಲಿ ಬರುವ ಮನೆಯ ಚಿತ್ರಗಳು ವಿವರಣೆಯ ಅನುಕೂಲಕ್ಕಾಗಿ ಕಟ್ಟಿಕೊಂಡ ನಿದರ್ಶನಗಳು, ಕ್ಷೇತ್ರಕಾರ್ಯದ ದತ್ತಾಂಶಗಳಲ್ಲ.

ರಾಜ್ಯ ಸರ್ಕಾರ 2020ರ ಆಗಸ್ಟ್‌ನಲ್ಲಿ ವಿದ್ಯಾಗಮ ಯೋಜನೆಯನ್ನು ಆರಂಭಿಸಿತು. ಶಿಕ್ಷಕರು ಊರಿನ ಜಗಲಿ, ದೇವಸ್ಥಾನದ ಆವರಣ, ಮರದ ನೆರಳುಗಳಲ್ಲಿ ಮಕ್ಕಳನ್ನು ಸಣ್ಣ ಗುಂಪುಗಳಾಗಿ ಕೂರಿಸಿ ಕಲಿಸಿದರು. ಅಕ್ಟೋಬರ್‌ನಲ್ಲಿ ಸ್ಥಗಿತಗೊಂಡ ಯೋಜನೆ 2021ರ ಜನವರಿ 1ರಿಂದ ಪರಿಷ್ಕೃತ ರೂಪದಲ್ಲಿ ಮುಂದುವರಿಯಿತು. ಇದರೊಡನೆ ದೂರದರ್ಶನದ ಚಂದನ ವಾಹಿನಿಯಲ್ಲಿ ಪಾಠಗಳು ಪ್ರಸಾರವಾದವು. ವಿದ್ಯಾಗಮದಲ್ಲಿ ಮಕ್ಕಳನ್ನು ಅಂತರ್ಜಾಲವಿರುವ ಫೋನು ಇದ್ದವರು, ಸಾದಾ ಫೋನು ಇದ್ದವರು, ಯಾವುದೂ ಇಲ್ಲದವರು ಎಂದು ವಿಂಗಡಿಸಲಾಗಿತ್ತು. ಕೇಳುವ ಮಕ್ಕಳಿಗೆ ಈ ವಿಂಗಡಣೆ ಸಮಂಜಸವೇ. ಆದರೆ ಕಿವುಡು ಮಗುವಿಗೆ ಸಾದಾ ಫೋನು ಇರುವುದೂ ಇಲ್ಲದಿರುವುದೂ ಒಂದೇ. ವಿಂಗಡಣೆ ಸಾಧನವನ್ನು ಎಣಿಸಿತು, ಭಾಷೆ ಹರಿಯುವ ದಾರಿಯನ್ನು ಎಣಿಸಲಿಲ್ಲ.

3. ತುಟಿಯ ಮೇಲೆ ಕಾಣುವ ಕನ್ನಡ, ಕಾಣದ ಕನ್ನಡ

ಮಂದಶ್ರವಣದ ಮಗು ಕಿವಿಗೆ ಬಿದ್ದ ಅರೆಬರೆ ಧ್ವನಿಯನ್ನು ಮಾತನಾಡುವವರ ಮುಖದ ನೆರವಿನಿಂದ ಪೂರ್ತಿಮಾಡಿಕೊಳ್ಳುತ್ತದೆ. ಆದರೆ ಮುಖ ಕೊಡುವ ಮಾಹಿತಿ ಸ್ವನಿಮಗಳ ಸಂಖ್ಯೆಗಿಂತ ಬಹಳ ಕಡಿಮೆ. ಪ, ಬ, ಮ ಮೂರೂ ಓಷ್ಠ್ಯಗಳು. ಮೂರಕ್ಕೂ ತುಟಿಗಳು ಒಂದೇ ರೀತಿ ಮುಚ್ಚುತ್ತವೆ. ಘೋಷತೆ ಮತ್ತು ಅನುನಾಸಿಕತೆಗಳು ಗಂಟಲು ಮತ್ತು ಮೂಗಿನ ಕೆಲಸಗಳು, ಅವು ಕಣ್ಣಿಗೆ ಕಾಣುವುದಿಲ್ಲ. ಹೀಗಾಗಿ ‘ಮಾಡು’, ‘ಬಾಡು’, ‘ಪಾಡು’ ತುಟಿಯ ಮೇಲೆ ಒಂದೇ ಪದ. ಮಂಡ್ಯದ ಮನೆಯಲ್ಲಿ ‘ಬಾಡು ಮಾಡು’ ಎಂದರೆ ಮಾಂಸದ ಅಡುಗೆ ಮಾಡು ಎಂದರ್ಥ. ತುಟಿಯನ್ನಷ್ಟೇ ನೋಡುವ ಮಗುವಿಗೆ ಅದು ಒಂದೇ ಪದವನ್ನು ಎರಡು ಬಾರಿ ಹೇಳಿದಂತೆ.

ಕನ್ನಡದ ದಂತ್ಯ ಮತ್ತು ಮೂರ್ಧನ್ಯಗಳ ಭೇದವೂ ಇಂಥದ್ದೇ. ‘ಕತ್ತು’ ಮತ್ತು ‘ಕಟ್ಟು’, ‘ಬಲೆ’ ಮತ್ತು ‘ಬಳೆ’, ‘ಎಲೆ’ ಮತ್ತು ‘ಎಳೆ’ ಇವುಗಳಲ್ಲಿ ನಾಲಗೆಯ ತುದಿ ಬಾಯೊಳಗೆ ಬೇರೆ ಬೇರೆ ಕಡೆ ತಾಗುತ್ತದೆ. ಹೊರಗಿನಿಂದ ನೋಡುವವರಿಗೆ ಆ ಭೇದ ಬಹುಮಟ್ಟಿಗೆ ಅಗೋಚರ. ಕ ಮತ್ತು ಗ ಬಾಯಿಯ ಹಿಂಭಾಗದಲ್ಲಿ ಹುಟ್ಟುವುದರಿಂದ ಇನ್ನಷ್ಟು ಮರೆಯಾಗುತ್ತವೆ. ‘ಕಡು’–‘ಕಾಡು’ಗಳ ಹ್ರಸ್ವದೀರ್ಘಭೇದವನ್ನೂ ‘ಹಳಿ’–‘ಹಳ್ಳಿ’ಗಳ ದ್ವಿತ್ವಭೇದವನ್ನೂ ಹಿಡಿಯಲು ಕಾಲದ ಅಳತೆ ಬೇಕು. ವೇಗದ ಮಾತಿನಲ್ಲಿ, ಅದರಲ್ಲೂ ಚಿತ್ರ ತಡವರಿಸುವ ವಿಡಿಯೊ ಕರೆಯಲ್ಲಿ, ಮೊದಲು ಕಳೆದುಹೋಗುವುದು ಅದೇ.

ಬರವಣಿಗೆಯ ಬೆಲೆ ಇಲ್ಲಿ ತಿಳಿಯುತ್ತದೆ. ಕನ್ನಡ ಲಿಪಿ ತುಟಿ ಮರೆಮಾಡುವುದನ್ನೇ ಎತ್ತಿ ತೋರಿಸುತ್ತದೆ. ಪ, ಬ, ಮ ಬೇರೆ ಬೇರೆ ಅಕ್ಷರಗಳು. ದೀರ್ಘಕ್ಕೆ ಗುರುತುಂಟು, ದ್ವಿತ್ವಕ್ಕೆ ಒತ್ತಕ್ಷರವುಂಟು. ಕನ್ನಡದ ಅಕ್ಷರಕಲಿಕೆಯು ಪ್ರಾಥಮಿಕ ಶಾಲೆಯ ಹಲವು ವರ್ಷಗಳವರೆಗೆ ಮುಂದುವರಿಯುವ ನಿಧಾನದ ಪ್ರಕ್ರಿಯೆಯೆಂದು ಸೋನಾಲಿ ನಾಗ್ ಅವರ 2007ರ ಅಧ್ಯಯನ ತೋರಿಸಿದೆ. ಕೇಳುವ ಮಗುವಿಗೇ ಇಷ್ಟು ಕಾಲ ಹಿಡಿಯುವ ಕೆಲಸವನ್ನು ಶಾಲೆಯಿಲ್ಲದ ಹತ್ತೊಂಬತ್ತು ತಿಂಗಳಲ್ಲಿ ನಿಲ್ಲಗೊಡುವುದು ಕಿವುಡು ಮಗುವಿಗೆ ದುಬಾರಿ.

ಮುಖಗವಸು ಎರಡು ಬಗೆಯಲ್ಲಿ ಅಡ್ಡಿಯಾಯಿತು. ಅದು ತುಟಿಯನ್ನು ಮುಚ್ಚಿತು, ಧ್ವನಿಯನ್ನೂ ಸೋಸಿತು. ಗೋಲ್ಡಿನ್, ವೈನ್‌ಸ್ಟೈನ್ ಮತ್ತು ಶಿಮಾನ್ 2020ರಲ್ಲಿ ಪ್ರಕಟಿಸಿದ ಮಾಪನದ ಪ್ರಕಾರ 2000ರಿಂದ 7000 ಹರ್ಟ್ಸ್‌ವರೆಗಿನ ವ್ಯಾಪ್ತಿಯಲ್ಲಿ ಸರಳ ವೈದ್ಯಕೀಯ ಮುಖಗವಸು 3–4 ಡೆಸಿಬೆಲ್‌ನಷ್ಟು, ಎನ್–95 ಮುಖಗವಸು ಸುಮಾರು 12 ಡೆಸಿಬೆಲ್‌ನಷ್ಟು ಧ್ವನಿಯನ್ನು ಕುಗ್ಗಿಸುತ್ತವೆ. ಎರಡು ಗಜದ ಅಂತರವೂ ಇದಕ್ಕೆ ಸೇರಿತು. ಬಯಲಿನಲ್ಲಿ ದೂರ ಇಮ್ಮಡಿಯಾದಂತೆ ಧ್ವನಿಮಟ್ಟ ಸುಮಾರು 6 ಡೆಸಿಬೆಲ್ ಇಳಿಯುತ್ತದೆ. ಮರದಡಿಯ ವಿದ್ಯಾಗಮದಲ್ಲಿ ಮುಖಗವಸು ಧರಿಸಿ ದೂರ ನಿಂತ ಶಿಕ್ಷಕರು ನಿಯಮವನ್ನು ಸರಿಯಾಗಿ ಪಾಲಿಸಿದಷ್ಟೂ ಮಂದಶ್ರವಣದ ಮಗುವಿಗೆ ದೂರವಾದರು. ಇದು ಯಾರ ತಪ್ಪೂ ಅಲ್ಲ. ಆದರೆ ಇದರಿಂದ ಮನೆಯ ಒಂದು ವಿಶೇಷ ಅನುಕೂಲ ಸ್ಪಷ್ಟವಾಗುತ್ತದೆ: ಮುಖಗವಸಿಲ್ಲದ ಮುಖವನ್ನು ಹತ್ತಿರದಿಂದ ನೋಡಬಹುದಾಗಿದ್ದ ಸ್ಥಳ ಆಗ ಮನೆಯೊಂದೇ.

4. ಪದದ ಕೊನೆಯಲ್ಲಿ ಅಡಗಿದ ವ್ಯಾಕರಣ

ಕನ್ನಡ ಅಂಟುಭಾಷೆ. ಅದರ ವ್ಯಾಕರಣಸಂಬಂಧಗಳು ಬಹುಪಾಲು ಪದದ ಕೊನೆಯ ಪ್ರತ್ಯಯಗಳಲ್ಲಿವೆ. ಆಡುಮಾತಿನಲ್ಲಿ ಪದಾಂತ್ಯ ದುರ್ಬಲವಾಗುತ್ತದೆ, ಧ್ವನಿಶಕ್ತಿ ಇಳಿಯುತ್ತದೆ, ಸ್ವರಗಳು ಲೋಪವಾಗುತ್ತವೆ. ಅಂದರೆ ವಾಕ್ಯದ ಅರ್ಥವನ್ನು ಕಟ್ಟುವ ಭಾಗವೇ ಕೇಳಲು ಅತ್ಯಂತ ಕಷ್ಟವಾದ ಭಾಗ.

‘ಅಮ್ಮ ಅಜ್ಜಿಗೆ ಹೇಳಿದಳು’ ಮತ್ತು ‘ಅಮ್ಮನಿಗೆ ಅಜ್ಜಿ ಹೇಳಿದಳು’ ಎಂಬ ಎರಡು ವಾಕ್ಯಗಳನ್ನು ಗಮನಿಸೋಣ. ಹೇಳಿದವರು ಯಾರು, ಕೇಳಿದವರು ಯಾರು ಎಂಬುದನ್ನು ನಿರ್ಧರಿಸುವುದು ‘ಗೆ’ ಪ್ರತ್ಯಯ ಮಾತ್ರ. ಅದರ ಗಕಾರ ತುಟಿಯ ಮೇಲೆ ಕಾಣದು. ಪದಗಳ ಅನುಕ್ರಮವನ್ನು ನೆಚ್ಚಿಕೊಳ್ಳುವಂತೆಯೂ ಇಲ್ಲ. ‘ಅಜ್ಜಿಗೆ ಅಮ್ಮ ಹೇಳಿದಳು’ ಎಂಬುದೂ ಸಹಜ ಕನ್ನಡವೇ. ಪ್ರತ್ಯಯವನ್ನು ಹಿಡಿಯದ ಮಗು ಎರಡು ನಾಮಪದ ಮತ್ತು ಒಂದು ಕ್ರಿಯೆಯಿಂದ ಅರ್ಥವನ್ನು ಊಹಿಸಬೇಕಾಗುತ್ತದೆ. ಊಹೆ ಅನೇಕ ವೇಳೆ ಸರಿಹೋಗುವುದರಿಂದ ಮಗುವಿಗೆ ವಿಭಕ್ತಿ ದಕ್ಕಿಲ್ಲವೆಂಬುದು ಮನೆಯವರ ಗಮನಕ್ಕೆ ಬರುವುದಿಲ್ಲ.

ಕರ್ತೃಪದದ ಲೋಪ ಇನ್ನೊಂದು ತೊಡಕು. ‘ಬಂದಳು’, ‘ಬಂದನು’, ‘ಬಂದಿತು’ ಎಂದಾಗ ಲಿಂಗ ಮತ್ತು ವಚನಗಳನ್ನು ಆಖ್ಯಾತಪ್ರತ್ಯಯವೇ ಹೇಳುವುದರಿಂದ ಕನ್ನಡದಲ್ಲಿ ಕರ್ತೃವನ್ನು ಬಿಟ್ಟರೂ ಕೊರತೆಯಿಲ್ಲ. ಮಂಡ್ಯದ ಆಡುಮಾತಿನ ‘ಬಂದ್ಲು’, ‘ಬಂದ’, ‘ಬಂತು’ ರೂಪಗಳಲ್ಲಿ ಭೇದ ಉಳಿದಿದ್ದರೂ ಅದು ಕ್ಷಣಮಾತ್ರದ ಧ್ವನಿಯಲ್ಲಿದೆ. ಆದ್ದರಿಂದ ಇಂಥ ಮಗುವಿನೊಡನೆ ಮಾತನಾಡುವಾಗ ಕರ್ತೃವನ್ನು ಬಿಡದೆ ಹೇಳುವುದು ಉಪಯುಕ್ತ.

5. ಮನೆಯ ಕನ್ನಡ ಮತ್ತು ಪುಸ್ತಕದ ಕನ್ನಡ

ಮಂಡ್ಯ–ಮೈಸೂರು ಸೀಮೆಯ ಗ್ರಾಮೀಣ ಕನ್ನಡದಲ್ಲಿ ಪದಾದಿಯ ಹಕಾರ ಸಾಮಾನ್ಯವಾಗಿ ಉಳಿಯುವುದಿಲ್ಲ. ‘ಹಾಲು’ ‘ಆಲು’ ಆಗುತ್ತದೆ. ಮಹಾಪ್ರಾಣಗಳು ಅಲ್ಪಪ್ರಾಣಗಳಾಗುತ್ತವೆ. ಶ, ಷ, ಸ ಮೂರೂ ಸಕಾರದಲ್ಲಿ ಕೂಡಿ ‘ಶಾಲೆ’ ‘ಸಾಲೆ’ಯಾಗುತ್ತದೆ. ‘ಬರುತ್ತಾಳೆ’ ‘ಬತ್ತಾಳೆ’ಯಾಗಿ, ‘ಬರುವುದಿಲ್ಲ’ ‘ಬರಾಕಿಲ್ಲ’ವಾಗಿ ಕೇಳಿಸುತ್ತದೆ. ಇವು ದೋಷಗಳಲ್ಲ, ಕ್ರಮಬದ್ಧವಾದ ಉಪಭಾಷಾಲಕ್ಷಣಗಳು.

ಕೇಳುವ ಮಗು ಈ ಎರಡು ರೂಪಗಳ ಸಂಬಂಧವನ್ನು ಯಾರೂ ಹೇಳಿಕೊಡದೆ ಕಲಿಯುತ್ತದೆ. ಶಿಕ್ಷಕರ ಮಾತು, ದೂರದರ್ಶನದ ವಾರ್ತೆ, ಪಟ್ಟಣದ ನೆಂಟರ ಸಂಭಾಷಣೆ ಇವೆಲ್ಲ ಅದರ ಕಿವಿಗೆ ತಾನಾಗಿ ಬೀಳುತ್ತವೆ. ಕಿವುಡು ಮಗುವಿಗೆ ಹೀಗೆ ಆಕಸ್ಮಿಕವಾಗಿ ಕೇಳಿಸಿಕೊಳ್ಳುವ ಅವಕಾಶವೇ ಇಲ್ಲ. ಅದಕ್ಕೆ ‘ಬರಾಕಿಲ್ಲ’ ಒಂದು ಪದ, ಪುಸ್ತಕದ ‘ಬರುವುದಿಲ್ಲ’ ಇನ್ನೊಂದು ಪದ. ‘ಹತ್ತು’ ಮತ್ತು ‘ಅತ್ತು’ ಮನೆಯಲ್ಲಿ ಒಂದೇ ಉಚ್ಚಾರಣೆಯ ಪದಗಳು. ಅವು ಬೇರೆಯೆಂಬುದು ತಿಳಿಯುವುದು ಬರವಣಿಗೆಯಿಂದ ಮಾತ್ರ.

‘ಮಗುವಿನೊಡನೆ ಶುದ್ಧವಾಗಿ ಮಾತನಾಡಿ’ ಎಂಬ ಸಲಹೆಯನ್ನು ಪೋಷಕರಿಗೆ ಕೊಡುವುದುಂಟು. ಈ ಸಲಹೆಯನ್ನು ನಾವು ಒಪ್ಪುವುದಿಲ್ಲ. ತಾಯಿ ತನಗೆ ಸಹಜವಲ್ಲದ ಭಾಷಾರೂಪದಲ್ಲಿ ಮಾತನಾಡಲು ಹೊರಟರೆ ಅವಳ ಮಾತು ಕಡಿಮೆಯಾಗುತ್ತದೆ, ಸಣ್ಣದಾಗುತ್ತದೆ, ಕೊನೆಗೆ ಆಜ್ಞೆಗಳಿಗೆ ಸೀಮಿತವಾಗುತ್ತದೆ. ಮಗುವಿಗೆ ಬೇಕಾದದ್ದು ಸಮೃದ್ಧವಾದ, ನಿಜವಾದ ಮಾತು. ಮನೆಮಾತು ಮನೆಮಾತಾಗಿಯೇ ಇರಲಿ. ಪುಸ್ತಕದ ರೂಪಕ್ಕೂ ಅದಕ್ಕೂ ಇರುವ ನಂಟನ್ನು ಬರೆದು ತೋರಿಸಬೇಕು.

ದಖ್ಖನಿ ಆಡುವ ಮನೆಗಳಿಗೂ ಈ ಮಾತು ಅನ್ವಯಿಸುತ್ತದೆ. ಶಾಲೆಯ ಭಾಷೆ ಕನ್ನಡವಾದ್ದರಿಂದ ಮನೆಯಲ್ಲೂ ಕನ್ನಡವನ್ನೇ ಆಡಿ ಎಂದರೆ ತಾಯಿಗೆ ಬಲವಿಲ್ಲದ ಭಾಷೆಯೇ ಮಗುವಿನ ಏಕೈಕ ಭಾಷೆಯಾಗುತ್ತದೆ. ದಖ್ಖನಿಯ ‘ಕೋ’, ‘ಸೇ’, ‘ಮೇಂ’ ಪರಸರ್ಗಗಳು ಕನ್ನಡದ ‘ಗೆ’, ‘ಇಂದ’, ‘ಅಲ್ಲಿ’ ಪ್ರತ್ಯಯಗಳಿಗೆ ಬಹುಮಟ್ಟಿಗೆ ಸಮಾನವಾದ ಕೆಲಸ ಮಾಡುತ್ತವೆ. ಎರಡರಲ್ಲೂ ಕ್ರಿಯಾಪದ ವಾಕ್ಯದ ಕೊನೆಗೆ ಬರುತ್ತದೆ. ದೀರ್ಘಕಾಲದ ಸಹವಾಸದಿಂದ ದಖ್ಖನಿಯ ‘ಬೋಲ್ಕೆ’ ಕನ್ನಡದ ‘ಎಂದು’ವಿನಂತೆ ಬಳಕೆಯಾಗುತ್ತದೆ. ದಖ್ಖನಿಯಲ್ಲಿ ಗಟ್ಟಿಯಾದ ಸಂಬಂಧಗಳು ಕನ್ನಡಕ್ಕೆ ಏಣಿಯಾಗಬಲ್ಲವು.

6. ಕಿವಿಯ ಸಾಧನ ಮತ್ತು ಆರು ಧ್ವನಿಗಳು

ಶ್ರವಣ ಸಾಧನ ಕೆಲಸ ಮಾಡುತ್ತಿದೆಯೇ ಎಂದು ಮನೆಯಲ್ಲೇ ಪ್ರತಿದಿನ ನೋಡಲು ಡೇನಿಯಲ್ ಲಿಂಗ್ ರೂಪಿಸಿದ ಆರು ಧ್ವನಿಗಳ ಪರೀಕ್ಷೆ ಬಳಕೆಯಲ್ಲಿದೆ. ಪೋಷಕರು ಬಾಯಿ ಮರೆಮಾಡಿಕೊಂಡು ‘ಮ್’, ‘ಊ’, ‘ಆ’, ‘ಈ’, ‘ಶ್’, ‘ಸ್’ ಧ್ವನಿಗಳನ್ನು ಒಂದೊಂದಾಗಿ ಹೇಳುತ್ತಾರೆ. ಮಗು ಕೇಳಿಸಿದಾಗ ಕೈಯೆತ್ತುತ್ತದೆ ಅಥವಾ ಪುನರುಚ್ಚರಿಸುತ್ತದೆ. ಕೆಳಗಿನ ಆವರ್ತನದಿಂದ ಮೇಲಿನ ಆವರ್ತನದವರೆಗೆ ಮಾತಿನ ವ್ಯಾಪ್ತಿಯನ್ನು ಇವು ಪ್ರತಿನಿಧಿಸುತ್ತವೆ. ಕಿರುಗಾವಲಿನ ಮನೆಯಲ್ಲಿ ಈ ಪರೀಕ್ಷೆಗೆ ಒಂದು ಸಣ್ಣ ತೊಡಕಿದೆ. ಶ ಮತ್ತು ಸಗಳನ್ನು ಬೇರ್ಪಡಿಸದ ಉಪಭಾಷೆಯ ತಾಯಿ ಎರಡಕ್ಕೂ ‘ಸ್’ ಎಂದೇ ಹೇಳಿದರೆ ಪರೀಕ್ಷೆ ಐದು ಧ್ವನಿಗಳದ್ದಾಗುತ್ತದೆ. ಅಕ್ಷರವನ್ನು ಓದಿಸುವ ಬದಲು ಗದ್ದಲ ಮಾಡುವ ಮಕ್ಕಳನ್ನು ಸುಮ್ಮನಿರಿಸುವಾಗಿನ ‘ಶ್!’ ಮತ್ತು ಹಾವು ಬುಸುಗುಡುವ ‘ಸ್’ ಎಂದು ಹೇಳಿಕೊಟ್ಟರೆ ಈ ತೊಡಕು ನೀಗುತ್ತದೆ. ಉಪಭಾಷೆಯ ಸ್ವನಿಮವ್ಯವಸ್ಥೆಯಲ್ಲಿ ಇಲ್ಲದ ಧ್ವನಿಯೂ ಇಂಥ ಉದ್ಗಾರಗಳಲ್ಲಿ ದೊರೆಯುತ್ತದೆ.

ಲಾಕ್‌ಡೌನ್ ಕಾಲದ ದೂರವಾಣಿ ಮಾರ್ಗದರ್ಶನಕ್ಕೂ ಒಂದು ಮಿತಿಯಿತ್ತು. ಸಾಂಪ್ರದಾಯಿಕ ದೂರವಾಣಿ ಸುಮಾರು 300ರಿಂದ 3400 ಹರ್ಟ್ಸ್‌ವರೆಗಿನ ಧ್ವನಿಯನ್ನು ಮಾತ್ರ ಸಾಗಿಸುತ್ತದೆ. ಸಕಾರದ ಶಕ್ತಿ ಹೆಚ್ಚಾಗಿರುವುದು ಅದರ ಮೇಲೆ. ಆದ್ದರಿಂದ ಮಗುವಿನ ಉಚ್ಚಾರಣೆಯನ್ನು ಫೋನಿನಲ್ಲಿ ಕೇಳಿ ಸ–ಶಗಳ ಬಗ್ಗೆ ತೀರ್ಮಾನಿಸುವುದು ಸರಿಯಲ್ಲ. ಬೆಳೆಯುವ ಮಗುವಿಗೆ ಕಿವಿಯ ಅಚ್ಚು ಕೆಲವು ತಿಂಗಳಲ್ಲೇ ಸಡಿಲವಾಗಿ ಸಾಧನ ಸಿಳ್ಳೆ ಹಾಕತೊಡಗುತ್ತದೆ. ಆ ಕಿರಿಕಿರಿಗೆ ಮಗು ಸಾಧನವನ್ನೇ ತೆಗೆದಿಡುತ್ತದೆ. ಸಾಧನದೊಡನೆ ಭಾಷೆಯೂ ಪೆಟ್ಟಿಗೆ ಸೇರುವುದು ಹೀಗೆ.

7. ಸನ್ನೆ, ಸಂಜ್ಞೆ, ಸಂಜ್ಞಾಭಾಷೆ

ಕಿವುಡು ಮಕ್ಕಳಲ್ಲಿ ಬಹುಪಾಲಿನವರು ಕೇಳುವ ತಂದೆತಾಯಿಗಳಿಗೆ ಹುಟ್ಟಿದವರು. ಅಂಥ ಮನೆಗಳಲ್ಲಿ ಊಟ, ನಿದ್ದೆ, ಹೊರಗೆ ಹೋಗು ಮುಂತಾದವಕ್ಕೆ ಮನೆಸನ್ನೆಗಳು ರೂಪುಗೊಳ್ಳುತ್ತವೆ. ತಾಯಂದಿರ ಸನ್ನೆಗಳಿಗಿಂತ ಮಕ್ಕಳ ಸನ್ನೆಗಳು ಹೆಚ್ಚು ವ್ಯವಸ್ಥಿತವಾಗಿರುತ್ತವೆಯೆಂದು ಸೂಸನ್ ಗೋಲ್ಡಿನ್–ಮೆಡೋ ಅವರ ಸಂಶೋಧನೆಗಳು ತೋರಿಸಿವೆ. ಮಗು ಭಾಷೆಗಾಗಿ ಹಸಿದಿದೆ ಎಂಬುದಕ್ಕೆ ಇದು ಸಾಕ್ಷಿ. ಆದರೆ ಮನೆಸನ್ನೆ ಪೂರ್ಣ ಭಾಷೆಯಾಗಲು ಬಳಸುವ ಸಮುದಾಯ ಬೇಕು. ಚಿಕ್ಕಬಳ್ಳಾಪುರ ಜಿಲ್ಲೆಯ ಅಲಿಪುರದಲ್ಲಿ ಕಿವುಡರ ಸಂಖ್ಯೆ ಹೆಚ್ಚಿದ್ದುದರಿಂದ ಅಲ್ಲಿ ಗ್ರಾಮ ಸಂಜ್ಞಾಭಾಷೆಯೊಂದು ಬೆಳೆದಿದೆ. ಸಿಬಾಜಿ ಪಂಡಾ ಅದನ್ನು ದಾಖಲಿಸಿದ್ದಾರೆ. ಒಬ್ಬಂಟಿ ಕಿವುಡು ಮಗುವಿರುವ ಮನೆಯಲ್ಲಿ ಹಾಗಾಗುವುದಿಲ್ಲ.

ಕರ್ನಾಟಕದ ಸಂಜ್ಞಾಭಾಷೆಯ ಅಧ್ಯಯನ ಹೊಸದೇನಲ್ಲ. ಮದನ್ ವಸಿಷ್ಠ ಮತ್ತು ಸಂಗಡಿಗರು ಭಾರತೀಯ ಸಂಜ್ಞಾಭಾಷೆಯ ಬೆಂಗಳೂರು ಪ್ರಭೇದದ ಪರಿಚಯವನ್ನು 1985ರಲ್ಲೇ ಪ್ರಕಟಿಸಿದ್ದರು. ಸಾಂಕ್ರಾಮಿಕದ ಕಾಲದಲ್ಲೂ ಮಹತ್ವದ ಬೆಳವಣಿಗೆಗಳಾದವು. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಭಾರತೀಯ ಸಂಜ್ಞಾಭಾಷೆಯನ್ನು ದೇಶದಾದ್ಯಂತ ಪ್ರಮಾಣೀಕರಿಸಬೇಕೆಂದೂ ಸ್ಥಳೀಯ ಸಂಜ್ಞಾಭಾಷೆಗಳನ್ನು ಗೌರವಿಸಬೇಕೆಂದೂ ಹೇಳಿತು. ಅದೇ ವರ್ಷದ ಅಕ್ಟೋಬರ್ 6ರಂದು ಭಾರತೀಯ ಸಂಜ್ಞಾಭಾಷಾ ಸಂಶೋಧನ ಮತ್ತು ತರಬೇತಿ ಕೇಂದ್ರವು ಪಠ್ಯಪುಸ್ತಕಗಳನ್ನು ಸಂಜ್ಞಾಭಾಷೆಗೆ ತರಲು ಎನ್‌ಸಿಇಆರ್‌ಟಿಯೊಡನೆ ಒಪ್ಪಂದ ಮಾಡಿಕೊಂಡಿತು. 2021ರ ಫೆಬ್ರವರಿ 17ರಂದು 10,000 ಪದಗಳ ಸಂಜ್ಞಾಕೋಶದ ಮೂರನೆಯ ಆವೃತ್ತಿ ಬಿಡುಗಡೆಯಾಯಿತು. ಆದರೆ ಕನ್ನಡವನ್ನಷ್ಟೇ ಓದಬಲ್ಲ ತಾಯಿಗೆ ಹಿಂದಿ ಮತ್ತು ಇಂಗ್ಲಿಷ್ ಪದಗಳ ಮೂಲಕ ಹೊಗಬೇಕಾಗಿದ್ದ ಆ ಕೋಶ ಆಗ ಸುಲಭದ ಬಾಗಿಲಾಗಿರಲಿಲ್ಲ.

ರಚನೆಯ ದೃಷ್ಟಿಯಿಂದ ಕನ್ನಡಕ್ಕೂ ಭಾರತೀಯ ಸಂಜ್ಞಾಭಾಷೆಗೂ ಕೆಲವು ಸಾಮ್ಯಗಳಿವೆ. ಉಲ್ರಿಕೆ ಜೆಶಾನ್ ಅವರ ವಿವರಣೆಯಂತೆ ಸಂಜ್ಞಾಭಾಷೆಯಲ್ಲಿ ನಿಷೇಧ ವಾಕ್ಯದ ಕೊನೆಗೆ ಬರುತ್ತದೆ; ಕನ್ನಡದ ‘ಇಲ್ಲ’ವೂ ಹಾಗೆಯೇ. ಪ್ರಶ್ನಾವಾಚಕವೂ ಅಲ್ಲಿ ಕೊನೆಗೆ ಬರುತ್ತದೆ. ಇದು ಕನ್ನಡಕ್ಕಿಂತ ಭಿನ್ನ. ವಿಭಕ್ತಿಯ ಕೆಲಸವನ್ನು ಸಂಜ್ಞಾಭಾಷೆ ಬಹುಪಾಲು ಕೈಗಳ ಮುಂದಿನ ಅವಕಾಶದಲ್ಲಿ ದಿಕ್ಕನ್ನು ತೋರಿಸಿ ನಿರ್ವಹಿಸುತ್ತದೆ. ಆದ್ದರಿಂದ ಸಂಜ್ಞೆ ಬಳಸುವ ಮಗು ಬರೆಯುವಾಗ ಪ್ರತ್ಯಯ ಬಿಟ್ಟರೆ ಅದನ್ನು ಬುದ್ಧಿಯ ಕೊರತೆಯೆಂದು ಓದಬಾರದು. ಅದು ಎರಡು ವ್ಯಾಕರಣಗಳ ನಡುವಿನ ದಾಟು.

8. ಮನೆಯಲ್ಲಿ ಮಾಡಬಹುದಾದದ್ದು

ಮೇಲಿನ ವಿವೇಚನೆಯಿಂದ ಕೆಲವು ಕ್ರಮಗಳು ಹೊರಡುತ್ತವೆ. ಮೊದಲನೆಯದು, ಕಣ್ಣಿನ ಸರದಿ. ಕೇಳುವ ಮಗು ಚಿತ್ರ ನೋಡುತ್ತಲೇ ಮಾತು ಕೇಳುತ್ತದೆ. ಕಿವುಡು ಮಗುವಿಗೆ ಎರಡೂ ಕಣ್ಣಿನ ಕೆಲಸವೇ. ಪುಸ್ತಕ ತೋರಿಸಿ, ಮಗು ನೋಡುವವರೆಗೆ ಕಾಯ್ದು, ಅದು ಮುಖ ಎತ್ತಿದ ಮೇಲೆ ಮಾತನಾಡಬೇಕು. ಬೆಳಕು ಮಾತನಾಡುವವರ ಮುಖದ ಮೇಲಿರಬೇಕು, ಬೆನ್ನ ಹಿಂದಲ್ಲ.

ಎರಡನೆಯದು, ಕೆಲಸದೊಡನೆ ವಾಕ್ಯ. ರಾಗಿಮುದ್ದೆ ಮಾಡುವಾಗ ‘ಹಿಟ್ಟು ತಾ’, ‘ಎಸರಿಗೆ ಹಿಟ್ಟು ಹಾಕು’, ‘ಎಸರಿನಲ್ಲಿ ಹಿಟ್ಟು ಇದೆ’, ‘ಹಿಟ್ಟಿನಿಂದ ಮುದ್ದೆ ಕಟ್ಟು’ ಎಂಬ ನಾಲ್ಕು ವಾಕ್ಯಗಳಲ್ಲಿ ಚತುರ್ಥಿ, ಸಪ್ತಮಿ, ತೃತೀಯಾ ಮೂರೂ ಬರುತ್ತವೆ. ಅರ್ಥ ಕಣ್ಣೆದುರಿಗಿದೆ, ಪ್ರತ್ಯಯಗಳನ್ನು ಬಣ್ಣದ ಚೀಟಿಯಲ್ಲಿ ಬರೆದು ಪದಕ್ಕೆ ಅಂಟಿಸಿದರೆ ಕಾಣದ ವ್ಯಾಕರಣ ಕಾಣುತ್ತದೆ. ಮೂರನೆಯದು, ಎರಡು ಅಂಕಣದ ಪುಸ್ತಕ: ಒಂದು ಕಡೆ ‘ಬರಾಕಿಲ್ಲ’, ಇನ್ನೊಂದು ಕಡೆ ‘ಬರುವುದಿಲ್ಲ’, ದಖ್ಖನಿ ಮನೆಯಲ್ಲಿ ಮೂರು ಅಂಕಣ. ತಾಯಿಗೆ ಬರವಣಿಗೆ ಕಷ್ಟವಾದರೆ ಶಾಲೆಗೆ ಹೋಗುವ ಅಕ್ಕನೋ ಅಣ್ಣನೋ ಬರೆಯಬಹುದು.

ನಾಲ್ಕನೆಯದು, ಸಂಜ್ಞೆಯ ಭಯವನ್ನು ಬಿಡುವುದು. ಸಂಜ್ಞೆ ಕಲಿತರೆ ಮಗು ಮಾತು ಕಲಿಯುವುದಿಲ್ಲವೆಂಬ ನಂಬಿಕೆಯಿಂದ ಮಗುವಿನ ಕೈ ತಡೆಯಬಾರದು. ಭಾಷೆ ಬೇರೂರುವ ಎಳವೆಯ ವರ್ಷಗಳಲ್ಲಿ ಯಾವುದಾದರೂ ಒಂದು ಭಾಷೆ ಪೂರ್ಣವಾಗಿ ದೊರೆಯುವುದೇ ಮುಖ್ಯ. ಹಳೆಯ ಸಹಪಾಠಿಯೊಡನೆ ವಾರಕ್ಕೆ ಒಂದೆರಡು ಬಾರಿ ವಿಡಿಯೊ ಕರೆಯಲ್ಲಿ ಸಂಜ್ಞಾಸಂಭಾಷಣೆ ನಡೆದರೂ ಭಾಷಾಸಮುದಾಯದ ನಂಟು ಉಳಿಯುತ್ತದೆ. ಅದಕ್ಕೆ ಸೆಕೆಂಡಿಗೆ ಸುಮಾರು 20ಕ್ಕಿಂತ ಹೆಚ್ಚು ಚಿತ್ರಿಕೆಗಳು ಸಾಗಬೇಕು. ಅಂತರ್ಜಾಲ ದುರ್ಬಲವಾಗಿದ್ದರೆ ನೇರ ಕರೆಗಿಂತ ಚಿಕ್ಕ ವಿಡಿಯೊ ತುಣುಕುಗಳನ್ನು ಕಳಿಸಿಕೊಳ್ಳುವುದು ಮೇಲು.

9. ಉಪಸಂಹಾರ

ಸಾಂಕ್ರಾಮಿಕದ ಕಾಲದಲ್ಲಿ ಮನೆಯನ್ನು ಶಾಲೆಯ ಬದಲಿಯೆಂದು ಭಾವಿಸಲಾಯಿತು. ಕಿವುಡು ಮಗುವಿನ ವಿಷಯದಲ್ಲಿ ಮನೆ ಮೊದಲು ಭಾಷೆಯ ನೆಲೆಯಾಗಬೇಕು; ಪಾಠ ಅನಂತರದ್ದು. ಇದು ಲಾಕ್‌ಡೌನಿಗೆ ಮಾತ್ರ ಸೀಮಿತವಾದ ಮಾತಲ್ಲ. ಬೇಸಿಗೆ ರಜೆಯಲ್ಲಿ ವಸತಿಶಾಲೆಯಿಂದ ಊರಿಗೆ ಬರುವ ಪ್ರತಿ ಮಗುವಿಗೂ ಇದೇ ಪರಿಸ್ಥಿತಿ ಪ್ರತಿವರ್ಷ ಎದುರಾಗುತ್ತದೆ.

ಈ ಕೆಲಸದಲ್ಲಿ ತಾಯಿಯೊಬ್ಬಳ ಮೇಲೆ ಎಲ್ಲ ಭಾರವನ್ನೂ ಹೊರಿಸುವುದು ನ್ಯಾಯವಲ್ಲ. ನಾಟಿ, ಕಳೆ, ಅಡುಗೆಗಳ ನಡುವೆ ಅವಳಿಗೆ ಉಳಿಯುವ ಸಮಯ ಅಲ್ಪ. ಅವಳ ಕೈಗೆ ಸಿದ್ಧ ಸಾಮಗ್ರಿಯನ್ನು ಕೊಡಬೇಕಾದವರಲ್ಲಿ ಭಾಷಾವಿಜ್ಞಾನಿಗಳೂ ಸೇರುತ್ತಾರೆ. ಕನ್ನಡದ ಧ್ವನಿಗಳು ತುಟಿಯ ಮೇಲೆ ಯಾವ ಗುಂಪುಗಳಾಗಿ ಕಾಣುತ್ತವೆಂಬುದರ ಉಪಭಾಷಾವಾರು ವಿವರಣೆ, ಕನ್ನಡ ಪದದಿಂದಲೇ ಹೊಗಬಹುದಾದ ಸಂಜ್ಞಾಕೋಶ, ಸಂಜ್ಞಾಭಾಷೆ ಮತ್ತು ಕನ್ನಡಗಳ ತೌಲನಿಕ ವ್ಯಾಕರಣ ಇವು ಸಂಶೋಧನಾರ್ಥಿಗಳು ಕೈಗೆತ್ತಿಕೊಳ್ಳಬೇಕಾದ ವಿಷಯಗಳು. ಉಪಭಾಷಾವಿವರಣೆಯ ದೀರ್ಘ ಪರಂಪರೆ ಕನ್ನಡಕ್ಕಿದೆ. ಆ ಪರಂಪರೆಯ ಒಂದು ಪ್ರಯೋಜನ ಕಿರುಗಾವಲಿನಂಥ ಊರಿನಲ್ಲಿ ಎಸರಿನ ಮುಂದೆ ಕುಳಿತ ತಾಯಿ–ಮಗುವಿಗೆ ತಲುಪಬೇಕೆಂಬುದು ನಮ್ಮ ಆಶಯ.